ಕರೆಂಟ್ ಬಿಲ್ ಓದುವುದು ಹೇಗೆ? ಕಾಫಿ ಸೀಮೆಯ ಒಂಟಿಮನೆಯಿಂದ ಪರದೇಶದ ಬಾಡಿಗೆ ಮನೆಯವರೆಗೆ

ಮೂಡಿಗೆರೆ: ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುವುದು ಅಪರೂಪ. ಕಾಲಭೈರವೇಶ್ವರನ ದೇವಾಲಯದಿಂದ ಹೆಸರಾದ ದೇವರಮನೆ ಗುಡ್ಡದ ಆಸುಪಾಸಿನಲ್ಲಾಗಲಿ, ಭದ್ರಾ ನದಿಯ ದಡದ ಕಳಸದ ಸುತ್ತಲಾಗಲಿ, ತೋಟದ ನಡುವಿನ ಒಂಟಿಮನೆಗೆ ಸಿಲ್ವರ್ ಓಕ್ ಮರಗಳ ಸಾಲಿನ ನಡುವೆ ಹಾದುಬಂದ ತಂತಿಯೇ ಬೆಳಕಿನ ಆಧಾರ. ಮಳೆಗಾಲದಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಆದರೂ ತಿಂಗಳ ಕೊನೆಗೆ ಬಿಲ್ ಬರುತ್ತದೆ. ಕರೆಂಟೇ ಇರಲಿಲ್ಲ, ಬಿಲ್ ಏಕೆ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಹೊಸದೇನಲ್ಲ.

ಇದೇ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ, ದುಬೈ, ಲಂಡನ್, ಮ್ಯೂನಿಕ್, ಟೋಕಿಯೋಗಳಲ್ಲಿದ್ದಾರೆ. ಅಲ್ಲಿನ ಬಾಡಿಗೆ ಮನೆಯಲ್ಲಿ ಮೊದಲ ತಿಂಗಳ ಬಿಲ್ ಕೈಗೆ ಬಂದಾಗಲೂ, ಹೀಟರ್ ಹಾಗೂ ಒಲೆಯನ್ನು ಒಟ್ಟಿಗೆ ಹಾಕಿದೊಡನೆ ಮನೆಯೆಲ್ಲ ಕತ್ತಲಾದಾಗಲೂ ಅದೇ ಗೊಂದಲ. ದೇಶ ಯಾವುದಾದರೂ ವಿದ್ಯುತ್ ಬಿಲ್ಲಿನ ಒಳಗಿರುವುದು ಎರಡೇ ಲೆಕ್ಕ: ಎಷ್ಟು ಬಳಸಿದಿರಿ ಮತ್ತು ಒಂದೇ ಸಲಕ್ಕೆ ಎಷ್ಟು ಬಳಸುವ ಹಕ್ಕು ಪಡೆದಿದ್ದೀರಿ. ಇವೆರಡರ ವ್ಯತ್ಯಾಸ ತಿಳಿದರೆ ಬಿಲ್ಲಿನ ಉಳಿದ ಸಾಲುಗಳು ತಾವಾಗಿಯೇ ಅರ್ಥವಾಗುತ್ತವೆ.

ಯೂನಿಟ್ ಬೇರೆ, ಕಿಲೋವ್ಯಾಟ್ ಬೇರೆ

ಒಂದು ಉಪಕರಣ ಉರಿಯುವಾಗ ಎಳೆದುಕೊಳ್ಳುವ ಶಕ್ತಿಯ ಪ್ರಮಾಣ ವ್ಯಾಟ್. ಸಾವಿರ ವ್ಯಾಟ್ ಸೇರಿದರೆ ಒಂದು ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ಕೆಲಸ ಮಾಡಿದರೆ ಮೀಟರ್ ದಾಖಲಿಸುವುದು ಒಂದು ಯೂನಿಟ್. 9 ವ್ಯಾಟ್‌ನ ಎಲ್ಇಡಿ ಬಲ್ಬ್ ಒಂದು ಯೂನಿಟ್ ಮುಗಿಸಲು 111 ಗಂಟೆ ಬೇಕು. 2000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆ ಸಾಕು.

ತೋಟದ ಕೆರೆಗೆ ನೀರು ಹರಿಯುವುದನ್ನು ನೆನೆದರೆ ವಿಷಯ ಸುಲಭ. ಕೊಳವೆಯ ಅಗಲ ಕಿಲೋವ್ಯಾಟ್; ಕೆರೆಯಲ್ಲಿ ತುಂಬಿದ ನೀರು ಯೂನಿಟ್. ಅಗಲವಾದ ಕೊಳವೆ ಹಾಕಿಸಿಕೊಂಡವರು ನೀರು ಬಿಡಲಿ, ಬಿಡದಿರಲಿ ಕೊಳವೆಯ ಬಾಡಿಗೆ ಕೊಡಬೇಕು. ಬಿಲ್ಲಿನಲ್ಲಿರುವ 'ನಿಗದಿತ ಶುಲ್ಕ' ಎಂಬುದು ಈ ಬಾಡಿಗೆಯೇ.

ಮಲೆನಾಡಿನ ಕೆಲವರಿಗೆ ಈ ಮಿತಿಯ ಅರಿವು ಅನುಭವದಿಂದಲೇ ಬಂದಿದೆ. ತಂತಿ ತಲುಪದ ಅಥವಾ ತಲುಪಿದರೂ ನಂಬಲಾಗದ ಕಡೆಗಳಲ್ಲಿ ಮನೆಯ ಪಕ್ಕದ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿ ವಿದ್ಯುತ್ ಪಡೆದ ಕುಟುಂಬಗಳು ಈ ಭಾಗದಲ್ಲಿವೆ. ಪಿಕೋ ಹೈಡ್ರೋ ಎಂದು ಕರೆಯಲಾಗುವ ಇಂತಹ ಒಂದು ಕಿಲೋವ್ಯಾಟ್ ಘಟಕದಲ್ಲಿ ದೀಪ, ಟಿ.ವಿ., ಮಿಕ್ಸಿ ನಡೆಯುತ್ತವೆ. ಇಸ್ತ್ರಿಪೆಟ್ಟಿಗೆ ಹಾಕಿದರೆ ದೀಪ ಮಂಕಾಗುತ್ತದೆ. ಅಲ್ಲಿ ಮಿತಿ ಹಳ್ಳದ್ದು. ಕಂಪನಿಯ ಸಂಪರ್ಕದಲ್ಲಿ ಮಿತಿ ಕಾಗದದ್ದು.

ಬಿಲ್ಲಿನಲ್ಲಿ ಏನೇನಿದೆ?

ರಾಜ್ಯದಲ್ಲಿ 1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. ಅದೇ ವರ್ಷ ದರ ನಿಗದಿಯ ಅಧಿಕಾರ ಹೊತ್ತ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾಯಿತು. 2002ರಲ್ಲಿ ವಿತರಣೆಯ ಹೊಣೆ ಪ್ರತ್ಯೇಕ ಕಂಪನಿಗಳಿಗೆ ಹೋಯಿತು. ಚಿಕ್ಕಮಗಳೂರು ಜಿಲ್ಲೆ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳೊಂದಿಗೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ ವ್ಯಾಪ್ತಿಯಲ್ಲಿದೆ. ಹಳೆಯ ತಲೆಮಾರು ಇಂದಿಗೂ 'ಕೆ.ಇ.ಬಿ.' ಎಂದೇ ಕರೆಯುತ್ತದೆ.

ಬಿಲ್ಲಿನ ಮುಖ್ಯ ಸಾಲುಗಳು ಇವು:

ಆರ್.ಆರ್. ಸಂಖ್ಯೆ ಮತ್ತು ಖಾತೆ ಸಂಖ್ಯೆ: ಸ್ಥಾವರದ ಗುರುತು ಇದು. ಮನೆಯವರ ಹೆಸರು ಬದಲಾದರೂ ಆರ್.ಆರ್. ಸಂಖ್ಯೆ ಬದಲಾಗದು. ದೂರು, ಪಾವತಿ, ಯೋಜನೆಗಳ ನೋಂದಣಿಗೆ ಇವು ಬೇಕು.

ದರಪಟ್ಟಿ: ಗೃಹಬಳಕೆಯ ಸಂಪರ್ಕ ಇಂದು ಎಲ್.ಟಿ.-1 ವರ್ಗದಲ್ಲಿದೆ. 2023ರ ದರ ಆದೇಶಕ್ಕೆ ಮೊದಲು ಇದು ಎಲ್.ಟಿ.-2(ಎ) ಆಗಿತ್ತು. ಕಾಫಿ, ಚಹಾ ತೋಟಗಳ ನೀರಾವರಿ ಪಂಪ್‌ಸೆಟ್‌ಗಳಿಗೆ ಎಲ್.ಟಿ.-4(ಸಿ) ಎಂಬ ಪ್ರತ್ಯೇಕ ವರ್ಗವಿದೆ. ಮನೆಯ ಮೀಟರ್‌ನಿಂದ ತೋಟದ ಪಂಪ್ ಅಥವಾ ಪಲ್ಪರ್ ನಡೆಸುವುದು ಈ ಕಾರಣಕ್ಕೇ ಸಲ್ಲದು.

ಮಂಜೂರಾದ ಲೋಡ್: ಸಂಪರ್ಕ ಪಡೆಯುವಾಗ ಒಪ್ಪಿಕೊಂಡ ಕಿಲೋವ್ಯಾಟ್ ಪ್ರಮಾಣ. ನಿಗದಿತ ಶುಲ್ಕಕ್ಕೆ ಇದೇ ಆಧಾರ.

ಹಿಂದಿನ ಮತ್ತು ಇಂದಿನ ಮಾಪನ: ಇವೆರಡರ ಅಂತರವೇ ತಿಂಗಳ ಯೂನಿಟ್. ಜತೆಗೆ ಮಾಪನ ತೆಗೆದ ದಿನಾಂಕಗಳನ್ನೂ ನೋಡಬೇಕು. ಒಂಟಿಮನೆಗಳಲ್ಲಿ ಮೀಟರ್ ರೀಡರ್ ಬಂದಾಗ ಬಾಗಿಲು ಹಾಕಿದ್ದರೆ ಸರಾಸರಿ ಬಿಲ್ ಬರುತ್ತದೆ. ಮುಂದಿನ ತಿಂಗಳು ನಿಜವಾದ ಮಾಪನದೊಂದಿಗೆ ಅದು ಹೊಂದಾಣಿಕೆಯಾಗಬೇಕು. ಆಗಿದೆಯೇ ಎಂದು ಪರಿಶೀಲಿಸುವುದು ಗ್ರಾಹಕರ ಕೆಲಸ.

ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ: ವಿದ್ಯುತ್ ಕೊಳ್ಳುವ ವೆಚ್ಚದಲ್ಲಾದ ಏರಿಳಿತವನ್ನು ತಿಂಗಳಿಂದ ತಿಂಗಳಿಗೆ ಗ್ರಾಹಕರಿಗೆ ವರ್ಗಾಯಿಸುವ ಬಾಬ್ತು. ಇದು ಒಂದೇ ಸಮನಾಗಿರುವುದಿಲ್ಲ. ಕೆಲವೊಮ್ಮೆ ಕಡಿತವಾಗಿಯೂ ಬರುತ್ತದೆ.

ತೆರಿಗೆ: ವಿದ್ಯುತ್ ಬಳಕೆ ಶುಲ್ಕದ ಮೇಲೆ ಶೇ 9ರಷ್ಟು. ಇದು ಕಂಪನಿಗಲ್ಲ, ರಾಜ್ಯ ಸರ್ಕಾರಕ್ಕೆ ಸೇರುವ ಹಣ.

ದರ ಇಳಿದರೂ ಬಿಲ್ ಇಳಿಯದ್ದೇಕೆ?

2023-24ರಲ್ಲಿ ತಿಂಗಳಿಗೆ 100 ಯೂನಿಟ್ ಒಳಗಿದ್ದವರಿಗೆ ಯೂನಿಟ್‌ಗೆ 4.75 ರೂ., ಅದನ್ನು ಮೀರಿದವರಿಗೆ ಎಲ್ಲ ಯೂನಿಟ್‌ಗೂ 7 ರೂ. ದರವಿತ್ತು. 2024-25ರಲ್ಲಿ ಈ ಹಂತಗಳು ಹೋಗಿ ಏಕರೂಪದ 5.90 ರೂ. ಬಂತು. 2025-26ಕ್ಕೆ ಅದು 5.80 ರೂ.ಗೆ ಇಳಿಯಿತು. ಆದರೆ ನಿಗದಿತ ಶುಲ್ಕ ಇದೇ ಅವಧಿಯಲ್ಲಿ ಕಿಲೋವ್ಯಾಟ್‌ಗೆ 110ರಿಂದ 120ಕ್ಕೆ, ಅಲ್ಲಿಂದ 145 ರೂ.ಗೆ ಏರಿತು. ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ವೆಚ್ಚಕ್ಕಾಗಿ ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಕೂಡ 2025ರ ಏಪ್ರಿಲ್‌ನಿಂದ ಸೇರಿತು.

ಉದಾಹರಣೆಗೆ, 3 ಕಿಲೋವ್ಯಾಟ್ ಮಂಜೂರಾದ ಮನೆಯೊಂದು 2025-26ರಲ್ಲಿ ತಿಂಗಳಿಗೆ 120 ಯೂನಿಟ್ ಬಳಸಿತೆಂದುಕೊಳ್ಳೋಣ. ನಿಗದಿತ ಶುಲ್ಕ 435 ರೂ. ಬಳಕೆ ಶುಲ್ಕ 696 ರೂ. ಸರ್‌ಚಾರ್ಜ್ 43.20 ರೂ. ತೆರಿಗೆ 62.64 ರೂ. ಒಟ್ಟು 1,236.84 ರೂ. ಖರೀದಿ ವೆಚ್ಚ ಹೊಂದಾಣಿಕೆ ಇದರ ಹೊರಗೆ. ಇದೇ ಮನೆಯ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಆಗಿದ್ದರೆ ಮೊತ್ತ 946.84 ರೂ. ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿಗಳ ಈ ವ್ಯತ್ಯಾಸಕ್ಕೂ ಬಳಸಿದ ವಿದ್ಯುತ್ತಿಗೂ ಸಂಬಂಧವಿಲ್ಲ.

ಕಾಫಿ ಸೀಮೆಯಲ್ಲಿ ಇದರ ಬಿಸಿ ಹೆಚ್ಚು ತಟ್ಟುವುದು ಬೀಗ ಹಾಕಿದ ಮನೆಗಳಿಗೆ. ಮಕ್ಕಳು ಊರು ಬಿಟ್ಟು, ಹಿರಿಯರೂ ಅವರೊಂದಿಗೆ ಹೋದ ಮೇಲೆ ಹಬ್ಬಕ್ಕೋ ಕೊಯ್ಲಿಗೋ ತೆರೆಯುವ ತೊಟ್ಟಿಮನೆಗೆ 3 ಕಿಲೋವ್ಯಾಟ್ ಸಂಪರ್ಕವಿದ್ದರೆ, ಒಂದು ಯೂನಿಟ್ ಬಳಸದಿದ್ದರೂ 2025-26ರ ದರದಲ್ಲಿ ವರ್ಷಕ್ಕೆ 5,220 ರೂ. ನಿಗದಿತ ಶುಲ್ಕವಾಗುತ್ತದೆ. ಇಷ್ಟು ಲೋಡ್ ಬೇಡವೆನಿಸಿದರೆ ಅದನ್ನು ಇಳಿಸಲು ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಬಹುದು.

ಮಳೆಗಾಲದಲ್ಲಿ ವಾರ ಕರೆಂಟ್ ಇಲ್ಲದಿದ್ದರೂ ಈ ಶುಲ್ಕ ಬರುವುದೂ ಇದೇ ಕಾರಣಕ್ಕೆ. ಕಂಬ, ತಂತಿ, ಪರಿವರ್ತಕ, ಸಿಬ್ಬಂದಿಯ ವೆಚ್ಚ ಬಳಕೆಯನ್ನು ಅವಲಂಬಿಸಿಲ್ಲ ಎಂಬುದು ಕಂಪನಿಗಳ ವಾದ. ಆದರೆ ಸೇವೆ ನಿಗದಿತ ಅವಧಿಯಲ್ಲಿ ಮರಳದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. ದೂರು ದಾಖಲಿಸಿ ಅದರ ಸಂಖ್ಯೆ ಪಡೆದಿಟ್ಟುಕೊಂಡವರು ಮಾತ್ರ ಈ ಹಕ್ಕನ್ನು ಕೇಳಬಲ್ಲರು.

ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು?

ಬಲ್ಬ್, ಫ್ಯಾನ್, ಟಿ.ವಿ., ಫ್ರಿಜ್ ಸೇರಿದರೂ ಸಾಮಾನ್ಯ ಮನೆಯೊಂದರಲ್ಲಿ ಅರ್ಧ ಕಿಲೋವ್ಯಾಟ್ ದಾಟುವುದು ಕಷ್ಟ. ಲೆಕ್ಕ ಏರುವುದು ಬಿಸಿ ಮಾಡುವ ಉಪಕರಣಗಳಿಂದ. ಗೀಸರ್ 2000 ವ್ಯಾಟ್, ಇಂಡಕ್ಷನ್ ಒಲೆ ಸುಮಾರು 2000, ಇಸ್ತ್ರಿಪೆಟ್ಟಿಗೆ 1000, ನೀರು ಕಾಯಿಸುವ ಕೆಟಲ್ 1500. ಒಂದು ಎಚ್.ಪಿ. ಪಂಪ್ ಎಂದರೆ 746 ವ್ಯಾಟ್. ಬಚ್ಚಲಿನಲ್ಲಿ ಸೌದೆ ಒಲೆಯ ಹಂಡೆ ಉಳಿಸಿಕೊಂಡ ಮಲೆನಾಡಿನ ಮನೆಯ ಬಿಲ್ ಪಟ್ಟಣದ ಮನೆಗಿಂತ ಕಡಿಮೆ ಇರುವುದರ ಗುಟ್ಟು ಇಲ್ಲಿದೆ.

ಮನೆಯಲ್ಲಿರುವ ಎಲ್ಲ ಉಪಕರಣಗಳನ್ನು ಕೂಡಿಸಬೇಕಿಲ್ಲ. ಒಂದೇ ಹೊತ್ತಿಗೆ ನಡೆಯುವವನ್ನು ಕೂಡಿಸಿದರೆ ನಿಜವಾದ ಅಗತ್ಯ ತಿಳಿಯುತ್ತದೆ. ಗೀಸರ್ ಆರಿಸಿದ ಮೇಲೆ ಇಂಡಕ್ಷನ್ ಒಲೆ ಹಚ್ಚುವ ಮನೆಗೂ, ಎರಡನ್ನೂ ಒಟ್ಟಿಗೆ ಬಳಸುವ ಮನೆಗೂ 2 ಕಿಲೋವ್ಯಾಟ್ ವ್ಯತ್ಯಾಸವಿದೆ. ಹೊಸ ಮೀಟರ್‌ಗಳು ತಿಂಗಳಲ್ಲಿ ತಲುಪಿದ ಗರಿಷ್ಠ ಬೇಡಿಕೆಯನ್ನು ದಾಖಲಿಸುತ್ತವೆ. ಅದು ಮಂಜೂರಾದ ಲೋಡ್ ಅನ್ನು ಮತ್ತೆ ಮತ್ತೆ ಮೀರಿದರೆ ಹೆಚ್ಚುವರಿ ಲೋಡ್ ಮಂಜೂರು ಮಾಡಿಸಿಕೊಳ್ಳುವುದು ಕ್ಷೇಮ. ಸ್ಮಾರ್ಟ್ ಮೀಟರ್ ಅಳವಡಿಸಿದ ಕಡೆ, ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಬಾರಿ ಮಿತಿ ಮೀರಿದಾಗ ಮಾತ್ರ ಲೋಡ್ ಪರಿಷ್ಕರಿಸಬೇಕೆಂದು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ.

ಉದ್ದದ ಮಾರ್ಗದ ತುದಿಯಲ್ಲಿರುವ ಮನೆಗಳಿಗೆ ಕಡಿಮೆ ವೋಲ್ಟೇಜ್ ಇನ್ನೊಂದು ತೊಡಕು. 230 ವೋಲ್ಟ್ ಬದಲು 180 ವೋಲ್ಟ್ ಬಂದರೆ 2000 ವ್ಯಾಟ್‌ನ ಗೀಸರ್ ಸುಮಾರು 1225 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಯೂನಿಟ್ ಉಳಿಯುವುದಿಲ್ಲ. ಮೋಟಾರ್‌ಗಳ ಕಥೆ ಇನ್ನೂ ಕಷ್ಟ. ಅವು ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ಸುಡುತ್ತವೆ.

ಗೃಹಜ್ಯೋತಿ: 200 ಯೂನಿಟ್‌ನ ಗಡಿ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದು, ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಡಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ತಿಳಿವಳಿಕೆ ಸರಿಯಲ್ಲ. 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಬರುವುದು ಆ ಮನೆಯ ಅರ್ಹ ಯೂನಿಟ್. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಸರಾಸರಿ 80 ಯೂನಿಟ್ ಇದ್ದ ಮನೆಯ ಅರ್ಹತೆ 88. ಅಷ್ಟರೊಳಗಿದ್ದರೆ ಬಿಲ್ ಶೂನ್ಯ. 120 ಬಳಸಿದರೆ ಹೆಚ್ಚಾದ 32 ಯೂನಿಟ್‌ಗೆ ಪಾವತಿ. 2025-26ರ ದರದಲ್ಲಿ ಬಳಕೆ ಶುಲ್ಕವೇ 185.60 ರೂ. ಆದರೆ 201ನೇ ಯೂನಿಟ್ ಮುಟ್ಟಿದೊಡನೆ ರಿಯಾಯಿತಿ ಪೂರ್ತಿ ಹೋಗುತ್ತದೆ. 2 ಕಿಲೋವ್ಯಾಟ್ ಮನೆಯ ಬಿಲ್ ಆಗ 1,633.08 ರೂ. ಅಂತಹ ತಿಂಗಳು ಮಾಪನದ ದಿನಾಂಕ ನೋಡುವುದು ಮುಖ್ಯ. ಮಳೆ, ರಸ್ತೆ ಕುಸಿತಗಳಿಂದ ಮೀಟರ್ ರೀಡರ್ ತಡವಾಗಿ ಬಂದು 40 ದಿನದ ಬಳಕೆ ಒಂದೇ ಬಿಲ್ಲಿಗೆ ಸೇರಿದ್ದರೆ, ದಿನಗಳ ಲೆಕ್ಕದಲ್ಲಿ ಸರಿಪಡಿಸುವಂತೆ ಉಪವಿಭಾಗದಲ್ಲಿ ಲಿಖಿತವಾಗಿ ಕೇಳಬೇಕು.

ಈ ಯೋಜನೆ ಗೃಹಬಳಕೆಯ ಮೀಟರ್‌ಗೆ ಮಾತ್ರ, ಒಬ್ಬ ಗ್ರಾಹಕರಿಗೆ ಒಂದೇ ಮೀಟರ್‌ಗೆ. ತೋಟದ ಲೈನ್ ಮನೆಗಳಿಗೆ ಮಾಲೀಕರ ಒಂದೇ ಮೀಟರ್‌ನಿಂದ ಸಂಪರ್ಕ ಕೊಟ್ಟಿದ್ದರೆ ಅಲ್ಲಿನ ಕಾರ್ಮಿಕ ಕುಟುಂಬಗಳಿಗೆ ಪ್ರತ್ಯೇಕವಾಗಿ ಇದರ ಪ್ರಯೋಜನ ಸಿಗುವುದಿಲ್ಲ. ಬಾಡಿಗೆದಾರರಿಗೆ ಯೋಜನೆಯಲ್ಲಿ ಅವಕಾಶವಿದೆ. ಮನೆ ಬದಲಿಸಿದವರು ಹಳೆಯ ಮೀಟರ್‌ನಿಂದ ಆಧಾರ್ ಜೋಡಣೆ ತೆಗೆಸಿ ಹೊಸದಕ್ಕೆ ನೋಂದಾಯಿಸಬೇಕು.

ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವವರು ತಮ್ಮ ಸಂಪರ್ಕ ಯಾವ ವರ್ಗದಲ್ಲಿರಬೇಕೆಂದು ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸಿದರೆ ಕಾಯ್ದೆಯ 126ನೇ ಕಲಂ ಪ್ರಕಾರ ಸಂಬಂಧಿಸಿದ ದರದ ಎರಡು ಪಟ್ಟು ವಸೂಲಿಗೆ ಅವಕಾಶವಿದೆ.

ಪರದೇಶಗಳಲ್ಲಿ ಹೇಗೆ?

ಇಟಲಿ: ಮನೆಗಳ ಸಾಮಾನ್ಯ ಒಪ್ಪಂದ 3 ಕಿಲೋವ್ಯಾಟ್. ಶೇ 10ರಷ್ಟು ರಿಯಾಯಿತಿ ಸೇರಿ 3.3 ಕಿಲೋವ್ಯಾಟ್‌ವರೆಗೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಮೀಟರ್ ತಾನೇ ಸಂಪರ್ಕ ಕಡಿಯುತ್ತದೆ. ಉಪಕರಣಗಳನ್ನು ಆರಿಸಿ ಮೀಟರ್‌ನ ಸ್ವಿಚ್ ಮತ್ತೆ ಏರಿಸಬೇಕು. ಇದು ದೋಷವಲ್ಲ, ಒಪ್ಪಂದದ ಷರತ್ತು. ಟಿ.ವಿ. ಶುಲ್ಕವೂ 2016ರಿಂದ ವಿದ್ಯುತ್ ಬಿಲ್ಲಿನಲ್ಲೇ ಬರುತ್ತದೆ.

ಫ್ರಾನ್ಸ್: 3, 6, 9 ಕೆ.ವಿ.ಎ. ಎಂಬ ಹಂತಗಳಲ್ಲಿ ಚಂದಾ ಆರಿಸಬೇಕು. ಬೇಡಿಕೆ ಕಡಿಮೆಯಿರುವ ಹೊತ್ತಿಗೆ ಅಗ್ಗದ ದರ ನೀಡುವ ಆಯ್ಕೆಯೂ ಇದೆ.

ಜಪಾನ್: ಅಲ್ಲಿ ಮನೆಗೆ 100 ವೋಲ್ಟ್. ಟೋಕಿಯೋ ಭಾಗದಲ್ಲಿ 10ರಿಂದ 60 ಆಂಪಿಯರ್‌ವರೆಗೆ ಒಪ್ಪಂದ; ಆಂಪಿಯರ್ ಹೆಚ್ಚಿದಷ್ಟೂ ಮೂಲ ಶುಲ್ಕ ಹೆಚ್ಚು. 30 ಆಂಪಿಯರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 3 ಕಿಲೋವ್ಯಾಟ್. ಸಾಂಪ್ರದಾಯಿಕ ದರದಲ್ಲಿ 120 ಮತ್ತು 300 ಯೂನಿಟ್‌ಗಳ ಗಡಿಯಲ್ಲಿ ದರ ಏರುತ್ತದೆ.

ಬ್ರಿಟನ್: ಮನೆಗೆ ಕಿಲೋವ್ಯಾಟ್ ಒಪ್ಪಂದದ ಪದ್ಧತಿಯಿಲ್ಲ, ದಿನಕ್ಕಿಷ್ಟು ಎಂಬ ಸ್ಥಿರ ಶುಲ್ಕವಿದೆ. ನಿಯಂತ್ರಕ ಸಂಸ್ಥೆ ಆಫ್‌ಜೆಮ್ ನಿಗದಿಪಡಿಸುವ ದರದ ಮಿತಿ 2019ರಿಂದ ಜಾರಿಯಲ್ಲಿದೆ. ಆ ಮಿತಿ ಯೂನಿಟ್ ದರಕ್ಕೆ, ಒಟ್ಟು ಬಿಲ್ಲಿಗಲ್ಲ ಎಂಬುದನ್ನು ಹೊಸಬರು ಮರೆಯಬಾರದು.

ಜರ್ಮನಿ: ತಿಂಗಳಿಗೆ ಕಟ್ಟುವುದು ಅಂದಾಜು ಕಂತು ಮಾತ್ರ. ವರ್ಷಕ್ಕೊಮ್ಮೆ ಮೀಟರ್ ನೋಡಿ ಅಂತಿಮ ಲೆಕ್ಕ. ಹೆಚ್ಚು ಬಳಸಿದ್ದರೆ ವ್ಯತ್ಯಾಸದ ಮೊತ್ತ ಒಟ್ಟಿಗೆ ಬರುತ್ತದೆ. ಮನೆಗೆ ಬಂದ ದಿನವೇ ಮೀಟರ್‌ನ ಅಂಕಿಯ ಫೋಟೊ ತೆಗೆದಿಡುವುದು ವಿದ್ಯಾರ್ಥಿಗಳಿಗೆ ರಕ್ಷಣೆ.

ದುಬೈ: ಬಳಕೆ ಹೆಚ್ಚಿದಂತೆ ದರ ಏರುವ ಹಂತಗಳಿವೆ, ತಿಂಗಳ ಮೊದಲ 2000 ಯೂನಿಟ್‌ಗೆ ಕಡಿಮೆ ದರ. ಬಿಲ್ಲಿನಲ್ಲಿ ವಿದ್ಯುತ್ತಿನ ಜತೆಗೆ ನೀರು, ಹಾಗೂ ವಲಸಿಗರ ವಾರ್ಷಿಕ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕವೂ ಕಂತಾಗಿ ಸೇರಿರುತ್ತದೆ. ಬಿಲ್ ದೊಡ್ಡದಾಗಿ ಕಂಡರೆ ಏರ್ ಕಂಡೀಷನರ್ ಒಂದನ್ನೇ ದೂರುವಂತಿಲ್ಲ.

ಬಿಲ್ ತಪ್ಪೆನಿಸಿದರೆ

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೇನ್ ಸ್ವಿಚ್ ಆರಿಸಿದ ಮೇಲೂ ಮೀಟರ್‌ನ ಕೆಂಪು ದೀಪ ಮಿನುಗುತ್ತಿದ್ದರೆ ದೂರು ಕೊಡಲು ಕಾರಣವಿದೆ. ಮೇನ್ ಹಾಕಿ ಎಲ್ಲ ಉಪಕರಣಗಳನ್ನು ಆರಿಸಿದಾಗ ಮಿನುಗಿದರೆ ಮನೆಯ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒದ್ದೆಯಾಗುವ ಮಲೆನಾಡಿನಲ್ಲಿ ಇದು ಬಿಲ್ಲಿನ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. 30 ಮಿಲಿ ಆಂಪಿಯರ್‌ನ ಸೋರಿಕೆ ತಡೆ ಸಾಧನ ಮತ್ತು ಸರಿಯಾದ ಅರ್ಥಿಂಗ್ ಅಗತ್ಯ. ಮೀಟರ್ ಮೇಲೆ 3200 ಇಂಪಲ್ಸ್ ಎಂದು ಬರೆದಿದ್ದರೆ 3200 ಬಾರಿ ಮಿನುಗಿದಾಗ ಒಂದು ಯೂನಿಟ್ ಎಂದರ್ಥ.

ಜನರೇಟರ್ ಇಟ್ಟುಕೊಂಡವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗ್‌ಗೆ ಜೋಡಿಸಬಾರದು. ಆ ವಿದ್ಯುತ್ ಪರಿವರ್ತಕದ ಮೂಲಕ ಹಿಮ್ಮುಖವಾಗಿ ಹರಿದರೆ, ಮರ ಬಿದ್ದ ಮಾರ್ಗ ಸರಿಪಡಿಸಲು ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಅಪಾಯ.

ದೂರು ಮೊದಲು 1912 ಸಹಾಯವಾಣಿಗೆ ಅಥವಾ ಉಪವಿಭಾಗ ಕಚೇರಿಗೆ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅದರ ತೀರ್ಪೂ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಎರಡು ವರ್ಷ ಹಿಂದಿನ ಬಾಕಿಯನ್ನು, ಅದು ಬಿಲ್ಲಿನಲ್ಲಿ ನಿರಂತರವಾಗಿ ತೋರಿಸಿರದಿದ್ದರೆ, ವಸೂಲಿ ಮಾಡುವಂತಿಲ್ಲ. ಇವೆರಡೂ ಕಾಯ್ದೆಯ 56ನೇ ಕಲಂನಲ್ಲಿವೆ. ವರ್ಷಕ್ಕೊಮ್ಮೆ ಕೇಳುವ ಹೆಚ್ಚುವರಿ ಭದ್ರತಾ ಠೇವಣಿ ದಂಡವಲ್ಲ. ಬಳಕೆ ಹೆಚ್ಚಿದ್ದಕ್ಕೆ ಅನುಗುಣವಾಗಿ ಇಡುವ ಹಣ. ಅದಕ್ಕೆ ಬಡ್ಡಿ ಬರುತ್ತದೆ, ಬಿಲ್ಲಿನಲ್ಲಿ ಜಮೆಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ದರಗಳನ್ನು ಆಯೋಗ ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ ಹೊಸ ಆರ್ಥಿಕ ವರ್ಷದ ಮೊದಲ ಬಿಲ್ ಬಂದಾಗ ಮಂಜೂರಾದ ಲೋಡ್, ನಿಗದಿತ ಶುಲ್ಕ ಮತ್ತು ಯೂನಿಟ್ ದರ ಎಂಬ ಮೂರು ಸಾಲುಗಳನ್ನು ಹಳೆಯ ಬಿಲ್ಲಿನೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಹಳೆಯ ಬಿಲ್‌ಗಳನ್ನು ಕನಿಷ್ಠ ಎರಡು ವರ್ಷ ಜೋಪಾನ ಮಾಡಿದರೆ ಯಾವ ಕಚೇರಿಯ ಮುಂದೆಯೂ ಲೆಕ್ಕ ಕೇಳಲು ಆಧಾರವಿರುತ್ತದೆ.